ಜಾಗ ಬಿಟ್ಟು ಬರೆಯುವುದು

ದೂಮಪ್ಪ ಕೋಟ್ಯಾನ್, ಐವತ್ತೆಂಟು.
ನೇರಳೆ ಮುಚ್ಚಳದ ಕೊಳವೆಯಲ್ಲಿ ಅರ್ಧ ಚಮಚ.
ರಾತ್ರಿ ಮೂರು ಗಂಟೆ. ಮನಾಮದ ಏಸಿಗಳೆಲ್ಲ
ಒಂದೇ ಶ್ರುತಿಯಲ್ಲಿ ಗೊರಕೆ ಹೊಡೆಯುತ್ತಿವೆ.
ಯಂತ್ರ ನೆತ್ತರು ಹೀರಿ, ಗುಟುಕರಿಸಿ,
ಉದ್ದದೊಂದು ಚೀಟಿ ಹೊರಗೆ ಚಾಚುತ್ತದೆ:
ನ್ಯೂಟ್ರೊಫಿಲ್ ಏಳು ಪಾಯಿಂಟ್ ಎಂಟು,
ಲಿಂಫೊಸೈಟ್ ಒಂದು ಪಾಯಿಂಟ್ ಮೂರು.

ಇಷ್ಟು ಕಳಿಸಿದರೆ ನನ್ನ ಕೆಲಸ ಮುಗಿಯಿತು.
ಭಾಗಿಸು ಅಂತ ಯಾರೂ ಹೇಳಿಲ್ಲ.
ಆದರೂ ಚೀಟಿಯ ಬೆನ್ನಿಗೆ, ಅಂಕೋಲೆಯ ಶಾಲೆಯಲ್ಲಿ
ಬೆರಳ ಗಂಟಿಗೆ ಏಟು ತಿಂದು ಕಲಿತ ಹಾಗೆ
ಗೆರೆ ಎಳೆದು ಭಾಗಿಸುತ್ತೇನೆ.
ಆರು. ಶೇಷವಿಲ್ಲ.
ಹೀಗೆ ಚೊಕ್ಕವಾಗಿ ಹೋಗುವ ಲೆಕ್ಕ ಕಂಡರೆ
ಆಗ ಎಷ್ಟು ಖುಷಿಯಾಗುತ್ತಿತ್ತು.

ಎರಡೂವರೆ, ಹೆಚ್ಚೆಂದರೆ ಮೂರು;
ಅದರಾಚೆ ಹೋದರೆ, ಮೂತ್ರಕೋಶ ತೆಗೆದ ಮೇಲೂ
ದಾರಿ ಕಿರಿದು ಅನ್ನುತ್ತಾರೆ, ಎಲ್ಲೆಲ್ಲಿಯದೋ
ಸಾವಿರಾರು ಜನರ ನೆತ್ತರು ಕೂಡಿಸಿ ನೋಡಿದವರು.
ಒಂದು ಜ್ವರ ಬಂದರೂ ಏರುತ್ತದೆ, ಅದೂ ನಿಜ.
ನಿದ್ದೆಗೆಟ್ಟರೂ, ಹೆದರಿದರೂ.
ಹೆದರದೆ ಇಲ್ಲಿಗೆ ಯಾರು ಬರುತ್ತಾರೆ?

ದೂಮಣ್ಣ ಹೆದರಿದ ಹಾಗೆ ಕಾಣಲಿಲ್ಲ.
ನಿನ್ನೆ ಸಂಜೆ ತೋಳು ಚಾಚಿ ಕೂತು
ಸೂಜಿಯ ಕಡೆ ನೋಡದೆ ಗೋಡೆ ನೋಡಿದ.
'ನಿಮ್ಮ ಹಿಂಬಾಗಿಲ ಬೋರ್ಡು ನನ್ನದೇ ಮಾರಾಯ್ರೆ,
ತೊಂಬತ್ತೇಳರಲ್ಲಿ ಬರೆದದ್ದು.'
ಏನಂತ ಬರೆದಿದ್ದೀರಿ?
'ಅದೊಂದು ಗೊತ್ತಿಲ್ಲ.'

ಬೇಕರಿ, ಟೈರು, ಚಿನ್ನ, ಕ್ಷೌರ,
ಮುಹರಕ್ಕಿನಿಂದ ರಿಫ್ಫಾದ ತನಕ
ಓದಲು ಬಾರದ ಲಿಪಿಯನ್ನು ನೋಡಿ ನೋಡಿ ಇಳಿಸಿದ್ದು.
ಚುಕ್ಕೆ ತಪ್ಪಿದರೆ ಅರ್ಥ ಕೆಡುತ್ತದಂತೆ,
ಒಂದು ಚುಕ್ಕೆ ತಪ್ಪಿಲ್ಲವಂತೆ.
ಕುಂಚದ ತುದಿ ಕೂದಲೆಳೆಯಾಗಲು
ತುಟಿಯಲ್ಲಿ ಒತ್ತಿ ಸವರುವುದು,
ಸಂಜೆ ಥಿನ್ನರಿನಲ್ಲಿ ಮೊಣಕೈ ತನಕ ತೊಳೆಯುವುದು,
ಆಮೇಲೆ ಅದೇ ಕೈಯಲ್ಲಿ ಊಟ.
ಬಚ್ಚಲಲ್ಲಿ ಮೊದಲ ಸಲ ಕೆಂಪು ಕಂಡಾಗ
ಬಣ್ಣ ಅಂದುಕೊಂಡು
ಎರಡು ತಂಬಿಗೆ ನೀರು ಹೆಚ್ಚಿಗೆ ಹೊಯ್ದನಂತೆ.

ನಾನು ಹತ್ತಿ ಒತ್ತಿ ಹಿಡಿದಿದ್ದೆ. ಅವನು ಕೇಳಿದ:
'ಮುಂದಿನದು ನೆತ್ತರು ಮೊದಲೇ ಹೇಳುತ್ತದಂತಲ್ಲ?'
ಈ ದಿನದ ತನಕದ್ದು ಹೇಳುತ್ತದೆ, ಅಂದೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.
ಅದು ಅವನಿಗೂ ತಿಳಿಯಿತೇನೋ, ಮಾತು ತಿರುಗಿಸಿದ.
'ಅರಬ್ಬಿ ಅಕ್ಷರ ಬಲದಿಂದ ಎಡಕ್ಕೆ ಓಡುತ್ತದೆ.
ಅಂಕಿ ಬಂದಲ್ಲಿ ಮಾತ್ರ ಮುಖ ತಿರುಗಿಸುತ್ತದೆ,
ಎಡದಿಂದ ಬಲಕ್ಕೆ, ನಮ್ಮ ಹಾಗೆ.
ಫೋನ್ ನಂಬರಿಗೆ ಎಷ್ಟು ಬೇಕೋ ಅಳೆದು
ಜಾಗ ಬಿಟ್ಟು, ಆಚೆ ತುದಿಯಿಂದ ಬರಬೇಕು.
ಅಂದಾಜು ತಪ್ಪಿತೋ, ಕೊನೆಯ ಅಂಕಿಗೆ ಕೂರಲು ಠಾವಿಲ್ಲ.'

ಬುಧವಾರ ಆಪರೇಷನ್.
ಎರಡು ಸಂಖ್ಯೆ ಕಳಿಸಿದೆ. ಪಕ್ಕದಲ್ಲೊಂದು ನಕ್ಷತ್ರ
ಯಂತ್ರವೇ ಒತ್ತಿತು, ನಾನಲ್ಲ.
ಆರನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಪಾಳಿ ಮುಗಿದು ಹಿಂಬಾಗಿಲಿಂದ ಹೊರಬಿದ್ದರೆ
ಉಪ್ಪುಗಾಳಿ, ಬೆವರು, ಬಾಂಗಿನ ಕೊನೆಯ ಸೊಲ್ಲು.
ಹನ್ನೊಂದು ವರ್ಷ ಇದರ ಕೆಳಗೇ ನಡೆದಿದ್ದೇನೆ,
ತಲೆಯೆತ್ತಿ ಓದಿದ್ದು ಈ ದಿನ:
ಇಲ್ಲಿ ಗಾಡಿ ನಿಲ್ಲಿಸಬಾರದು.
ನಿಲ್ಲಿಸಿದರೆ ಎಳೆದೊಯ್ಯುವವರ ಫೋನ್ ನಂಬರು.
ಅಕ್ಷರಗಳು ಮೊನ್ನೆ ಬರೆದ ಹಾಗಿವೆ, ಚುಕ್ಕೆ ಚುಕ್ಕೆಯೂ.
ಕೊನೆಯ ಅಂಕಿಯೊಂದು ಮಾತ್ರ ಸಣಕಲಾಗಿ
ಅಕ್ಷರದ ಮಗ್ಗುಲಿಗೆ ಒತ್ತಿ ನಿಂತಿದೆ.
ಎರಡೋ ಮೂರೋ,
ಎಷ್ಟು ಹತ್ತಿರ ಹೋದರೂ
ಹೇಳಲು ಬರುವುದಿಲ್ಲ.